ಮೇಲಿನವರೇ ತಪ್ಪು ಮಾಡಿದರೆ ಯಾರಿಗೆ ಹೇಳಬೇಕು?

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಕೊಟ್ಟ ಸಲಹೆಯಲ್ಲಿ ನೀವು ‘ತಪ್ಪು ಕಂಡರೆ ಮೊದಲು ನಿಮ್ಮ ಮೇಲಿನವರಿಗೆ ತಿಳಿಸಿ, ಅದೇ ವೃತ್ತಿಪರತೆ’ ಎಂದು ಬರೆದಿದ್ದೀರಿ. ತಪ್ಪು ಮೇಲಿನವರದ್ದೇ ಆಗಿದ್ದರೆ?

ನಾನು ಗದಗ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೆ. ಒಂದು ಮಾರ್ಚ್ ಕೊನೆಗೆ ಕಾರ್ಯದರ್ಶಿಯವರು ಒಂಬತ್ತು ಹಳೇ ಸಾಲದ ಫೈಲು ತಂದು ನನ್ನ ಟೇಬಲ್ ಮೇಲಿಟ್ಟರು. ಸಾಲ ತೀರಿದೆ ಅಂತ ಜಮಾ ತೋರಿಸಬೇಕು, ಅದೇ ದಿನ ಅದೇ ಹೆಸರಿಗೆ ಹೊಸ ಸಾಲ ಬರೆಯಬೇಕು. ಒಂದು ರೂಪಾಯಿಯೂ ಕೌಂಟರಿಗೆ ಬಂದಿರಲಿಲ್ಲ. ‘ಸಹಿ ಮಾಡೋ ತಮ್ಮಾ, ನಾ ಅದೀನಲ್ಲ’ ಅಂದರು. ನಾನು ಮಾಡಲಿಲ್ಲ. ಮರುದಿನವೇ ನನ್ನನ್ನು ಗೊಬ್ಬರದ ಗೋದಾಮಿಗೆ ಹಾಕಿದರು. ಎಂಟು ತಿಂಗಳು ಯೂರಿಯಾ ಚೀಲ ಎಣಿಸಿದೆ. ಜೊತೆಗಿದ್ದವರು ಚಹಾಕ್ಕೆ ಕರೆಯೋದನ್ನೂ ಬಿಟ್ಟರು, ಅದು ಜಾಸ್ತಿ ನೋವಾಯಿತು.

ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಶುರುವಾದದ್ದು ನಮ್ಮ ಕಣಗಿನಹಾಳದಲ್ಲೇ. ಸಿದ್ದನಗೌಡ ಪಾಟೀಲರು ಕಟ್ಟಿದ್ದು. ಅಂಥ ಜಿಲ್ಲೆಯಲ್ಲಿ ಕೂತು ಖೊಟ್ಟಿ ಲೆಕ್ಕ ಬರೆಯಲು ನನಗೆ ಕೈ ಬರಲಿಲ್ಲ.

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 64ನೇ ಕಲಂ ಪ್ರಕಾರ ನಿಬಂಧಕರು (ರಿಜಿಸ್ಟ್ರಾರ್, ಅಂದರೆ ಸಹಕಾರ ಸಂಘಗಳ ಮೇಲ್ವಿಚಾರಣೆ ನೋಡುವ ಸರ್ಕಾರಿ ಅಧಿಕಾರಿ) ಸಂಘದ ವ್ಯವಹಾರದ ವಿಚಾರಣೆ ನಡೆಸಬಹುದು. ಇದನ್ನು ನನಗೆ ಹೇಳಿದ್ದು ಆಡಿಟ್‌ಗೆ ಬಂದಿದ್ದ ಒಬ್ಬ ಹಿರಿಯರು, ಅದೂ ಗೋದಾಮಿನ ಬಾಗಿಲಲ್ಲಿ ನಿಂತು. ಕೆಲಸಕ್ಕೆ ಸೇರಿದ ದಿನವೇ ಹೊಸಬರಿಗೆ ಇದು ಗೊತ್ತಾಗಬೇಕು ಅಲ್ವಾ? ‘ಮೇಲಿನವರಿಗೆ ತಿಳಿಸಿ’ ಅನ್ನೋ ಸಾಲಿನ ಕೆಳಗೆ, ಹೊರಗೆ ಯಾರಿಗೆ ಅರ್ಜಿ ಬರೆಯಬೇಕು ಅನ್ನೋದನ್ನೂ ದಯವಿಟ್ಟು ಸೇರಿಸಿ.