ಮೂರು ನಿಯಮಗಳ ಕಾಟ

ಕೃತಕ ಬುದ್ಧಿಮತ್ತೆಯ ಮಾತೆತ್ತಿದರೆ ಸಾಕು, ಯಾರಾದರೊಬ್ಬರು ವಿಜ್ಞಾನ ಕಥೆಗಾರ ಅಸಿಮೋವ್ ತನ್ನ ರೋಬಾಟ್‌ಗಳಿಗೆ ಹಾಕಿದ ಮೂರು ನಿಯಮಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ: ಮನುಷ್ಯರಿಗೆ ಕೇಡಾಗಲು ಬಿಡಬೇಡ, ಅವರ ಅಪ್ಪಣೆ ಪಾಲಿಸು, ನಿನ್ನ ಪ್ರಾಣ ಕಾಪಾಡಿಕೋ. ಸ್ವಾಮಿ, ಕಥೆ ಓದಿದ್ದೀರಾ? 1942ರ ‘ರನ್‌ಅರೌಂಡ್’ನಲ್ಲೇ ಆ ನಿಯಮಗಳು ಕೈಕೊಡುತ್ತವೆ! ಬುಧಗ್ರಹದಲ್ಲಿ ಸೆಲೆನಿಯಂ ತರಲು ಹೋದ ಸ್ಪೀಡಿ ಎಂಬ ರೋಬಾಟ್, ಅಪ್ಪಣೆ ಒಂದೆಡೆ ತಳ್ಳಿ, ಪ್ರಾಣಭಯ ಇನ್ನೊಂದೆಡೆ ಎಳೆದು, ಕುಡಿದವನಂತೆ ಹಾಡಿನ ಸಾಲು ಒದರುತ್ತಾ ಸೆಲೆನಿಯಂ ಕೊಳವನ್ನು ಗಾಣದೆತ್ತಿನ ಹಾಗೆ ಸುತ್ತುತ್ತದೆ. ಕಥೆ ನಡೆಯುವುದು 2015ರಲ್ಲಂತೆ. ಆ ವರ್ಷ ನಮ್ಮ ಮನೆಯ ಮಿಕ್ಸಿಯೇ ನೆಟ್ಟಗೆ ತಿರುಗುತ್ತಿರಲಿಲ್ಲ. ಇರಲಿ, ಇಸವಿ ತಪ್ಪಿದ್ದಕ್ಕೆ ನನಗೆ ಬೇಸರವಿಲ್ಲ. ಸ್ಪೀಡಿಯ ಪೇಚಾಟವಂತೂ ಇಂದಿಗೂ ಹಳಸಿಲ್ಲ. ಮೊನ್ನೆ ಗ್ರಾಹಕ ಸೇವೆಯ ಚಾಟ್‌ಬಾಟ್ ದೂರು ಸಂಖ್ಯೆಯನ್ನು ಐದು ಸಲ ಕೇಳಿತು. ಕೊಟ್ಟಾಗಲೆಲ್ಲ ಮತ್ತೆ ಮೊದಲ ಪ್ರಶ್ನೆಗೇ ಮರಳಿತು. ಪಾಪ, ಅದಕ್ಕೆ ಹಾಡು ಬರುವುದಿಲ್ಲ, ಅಷ್ಟೇ.