ಉಸಿರು ಹಿಡ್ಕೊಳ್ಳಿ ಸಾರ್

‘ಎಕೋ ತಾನೆ? ಏನೂ ಇಲ್ಲ, ಸುಮ್ನೆ ಮಲಗಿದ್ದು ಎದ್ದು ಬರೋದು’ ಎಂದು ನನಗೆ ಧೈರ್ಯ ತುಂಬಿದವರ ಪಟ್ಟಿ ದೊಡ್ಡದಿದೆ. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮೊದಲು ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಅಂದರೆ ಈ ಎಕೋ, ಆಗಲೇಬೇಕೆಂದು ಅರಿವಳಿಕೆ ತಜ್ಞರು ಪಟ್ಟು ಹಿಡಿದಾಗ, ನನ್ನ ಭಾವ, ಮೇಲಿನ ಮಹಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರು, ಹಾಲಿನ ಬೂತಿನಲ್ಲಿ ಸಿಗುವ ಪರಿಚಿತರು ಎಲ್ಲರೂ ಹೇಳಿದ್ದು ಇದನ್ನೇ. ಅವರು ಸುಳ್ಳು ಹೇಳಲಿಲ್ಲ. ಸೂಜಿಯಿಲ್ಲ, ನೋವಿಲ್ಲ, ಎಕ್ಸ್‌ರೇಯಂತೆ ವಿಕಿರಣವೂ ಇಲ್ಲ. ಆದರೆ ಅಷ್ಟು ಜನರಲ್ಲಿ ಒಬ್ಬರಾದರೂ ಉಸಿರಿನ ವಿಷಯವನ್ನು ಎತ್ತಲಿಲ್ಲವಲ್ಲ ಎಂಬ ಸಿಟ್ಟು, ಜೆಲ್ ಅಂಟಿದ ಬನಿಯನ್ ಇನ್ನೂ ಪೂರ್ತಿ ಒಣಗದ ಈ ಹೊತ್ತಿನಲ್ಲಿ ನನಗೆ ಇಳಿದಿಲ್ಲ.

ಸಿಲ್ಕ್ ಬೋರ್ಡ್ ಸಿಗ್ನಲ್ಲನ್ನು ದಾಟಿ ಆಸ್ಪತ್ರೆ ಸೇರುವ ಹೊತ್ತಿಗೆ ಯಾರ ಹೃದಯವೂ ಸಹಜ ಸ್ಥಿತಿಯಲ್ಲಿ ಇರುವುದಿಲ್ಲವಾದ್ದರಿಂದ, ಟೋಕನ್ ಕೊಟ್ಟು ಗಂಟೆಗಟ್ಟಲೆ ಕೂರಿಸುವುದನ್ನು ಚಿಕಿತ್ಸೆಯ ಭಾಗವೆಂದೇ ತಿಳಿಯಬೇಕು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೊಟ್ಟೆಯ ಸ್ಕ್ಯಾನಿನ ನಿಯಮವನ್ನು ಎದೆಗೂ ಅನ್ವಯಿಸಿಕೊಂಡು, ಎರಡು ಬಾಟಲಿ ನೀರು ಕುಡಿದು, ಮೊಣಕಾಲುಗಳನ್ನು ಜೋಡಿಸಿಕೊಂಡು ತಪಸ್ಸಿಗೆ ಕುಳಿತಿದ್ದರು. ‘ತಾತ, ಎಕೋಗೆ ನೀರು ಕುಡಿಯೋದು ಬೇಡ, ಉಪವಾಸನೂ ಬೇಡ’ ಎಂದು ನರ್ಸಮ್ಮ ಹೇಳಿದ್ದೇ ತಡ, ಆ ವಯಸ್ಸಿಗೆ ಅಸಾಧ್ಯವೆನಿಸುವ ವೇಗದಲ್ಲಿ ಅವರು ಕಾರಿಡಾರಿನ ಕೊನೆಗೆ ಓಡಿದರು. ಅನ್ನನಾಳದೊಳಗೆ ಕೊಳವೆ ಇಳಿಸಿ ಮಾಡುವ ಇನ್ನೊಂದು ಬಗೆಯ ಎಕೋಗಾದರೆ ಖಾಲಿ ಹೊಟ್ಟೆ ಬೇಕಂತೆ. ಇದಿಷ್ಟನ್ನು ಟೋಕನ್ನಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿದ್ದರೆ ಯಾರ ಗಂಟು ಹೋಗುತ್ತಿತ್ತು? ಗೋಡೆಯ ಮೇಲಂತೂ ಒಂದು ಫಲಕ ದಪ್ಪಕ್ಷರದಲ್ಲಿತ್ತು: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ. 1994ರ ಕಾಯ್ದೆ ಅಲ್ಟ್ರಾಸೌಂಡ್ ಯಂತ್ರವಿರುವಲ್ಲೆಲ್ಲ ಇದನ್ನು ಬಯಸುತ್ತದೆ, ಸರಿಯೇ. ಆದರೆ ಅದರ ಕೆಳಗೆ ಸಾಲಾಗಿ ಕುಳಿತಿದ್ದ ಬೈಪಾಸ್ ಆದ ಅಜ್ಜಂದಿರನ್ನು ನೋಡಿದರೆ, ಅಂಥ ಉದ್ದೇಶ ಅವರಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ.

ಒಳಗೆ ಏಸಿಯ ಚಳಿ. ಅಂಗಿ, ಬನಿಯನ್ ಬಿಚ್ಚಿಸಿ, ಇಸಿಜಿಗೆಂದು ಎದೆಗೆ ಮೂರು ಸ್ಟಿಕ್ಕರ್ ಅಂಟಿಸಿ, ಎಡಮಗ್ಗುಲಿಗೆ ಹೊರಳಿಸಿ, ಎಡಗೈಯನ್ನು ತಲೆಯಡಿ ಇಡಿಸಿದರು. ಹಾಗೆ ಮಲಗಿದರೆ ಹೃದಯವು ಎದೆಗೂಡಿನ ಗೋಡೆಗೆ ಹತ್ತಿರ ಬಂದು, ಶ್ವಾಸಕೋಶ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ನೋಡುವುದಕ್ಕೆ ಅನಂತಶಯನನ ಭಂಗಿಯೇ. ಪಾದದ ಬಳಿ ಲಕ್ಷ್ಮಿಯ ಬದಲು ಮುಂದಿನ ಟೋಕನ್‌ನವರು ಅರ್ಧ ತೆರೆದ ಪರದೆಯಿಂದ ಇಣುಕುತ್ತಿದ್ದರು, ಅಷ್ಟೇ ವ್ಯತ್ಯಾಸ. ಎದೆಯ ಮೇಲೆ ಒತ್ತಿ ಆಡಿಸುವ ಪ್ರೋಬಿಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಶ್ರವಣಾತೀತ ಧ್ವನಿ ಒಳಹೊಗದೆ ಹಿಂದಿರುಗುವುದರಿಂದ ಜೆಲ್ ಬೇಕೇ ಬೇಕು ಎಂಬುದನ್ನು ಒಪ್ಪುತ್ತೇನೆ. ಅದನ್ನು ಫ್ರಿಜ್ಜಿನಲ್ಲಿ ಇಟ್ಟು ತೆಗೆದಂತೆ ಸುರಿಯಬೇಕೆಂದು ಯಾವ ಭೌತಶಾಸ್ತ್ರವೂ ಹೇಳಿಲ್ಲ.

ಇನ್ನು ಉಸಿರಿನ ವಿಷಯ. ಶ್ವಾಸಕೋಶದ ತುಂಬ ಗಾಳಿ ಇರುವಾಗ ಹೃದಯ ಮಸುಕಾಗಿ ಕಾಣುತ್ತದಾದ್ದರಿಂದ, ‘ಉಸಿರು ಪೂರ್ತಿ ಬಿಡಿ ಸಾರ್, ಹಾಂ, ಹಾಗೇ ಹಿಡ್ಕೊಳ್ಳಿ’ ಎನ್ನುತ್ತಾರೆ. ಎಳೆದುಕೊಂಡ ಉಸಿರನ್ನು ಹಿಡಿಯುವುದು ಯಾರಿಗಾದರೂ ಬರುತ್ತದೆ. ಬಿಟ್ಟ ಮೇಲೆ ಹಿಡಿದುಕೊಳ್ಳಲು ಒಳಗೆ ಉಳಿದಿರುವುದಾದರೂ ಏನು? ಆದರೂ ಹಿಡಿದೆ. ಸ್ಕ್ಯಾನ್ ಮಾಡುತ್ತಿದ್ದ ತಾಯಿ ಚಿತ್ರವನ್ನು ನಿಲ್ಲಿಸಿದರು, ಕವಾಟದ ಈ ತುದಿಯಿಂದ ಆ ತುದಿಗೆ ಗೆರೆ ಎಳೆದರು, ಅಳತೆ ಗುರುತಿಸಿಕೊಂಡರು. ‘ಉಸಿರಾಡಿ’ ಎಂಬ ಮಾತು ಮಾತ್ರ ಬರಲಿಲ್ಲ. ಅಷ್ಟರಲ್ಲಿ ಬಾಗಿಲಿನಿಂದ ಆಯಾ, ‘ಮೇಡಂ, ಕ್ಯಾಂಟೀನಲ್ಲಿ ಬಿಸಿಬೇಳೆಬಾತ್ ಖಾಲಿಯಂತೆ, ವಾಂಗಿಬಾತ್ ಹೇಳ್ಲಾ?’ ಎಂದಳು. ಮೇಡಂ ಪ್ರೋಬನ್ನು ನನ್ನ ಪಕ್ಕೆಲುಬುಗಳ ನಡುವೆ ಒತ್ತಿ ಹಿಡಿದುಕೊಂಡೇ ಯೋಚಿಸತೊಡಗಿದರು. ನಿನ್ನೆಯೂ ವಾಂಗಿಬಾತೇ ಆಗಿತ್ತು. ಅದಕ್ಕೆ ಎಣ್ಣೆ ಜಾಸ್ತಿ ಹಾಕುತ್ತಾರೆ. ಚಪಾತಿ ಇದ್ದರೆ ನೋಡು, ಆದರೆ ಚಪಾತಿ ಆರಿದರೆ ರಟ್ಟು. ಮೊಸರನ್ನ ಹೇಳೋಣವೆಂದರೆ ಶೀತ. ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಸಣ್ಣ ಸಣ್ಣ ಮಿಂಚುಹುಳಗಳು ಹಾರಾಡಲು ಆರಂಭಿಸಿದ್ದವು. ಯಾವುದಾದರೂ ಒಂದು ಬಾತನ್ನು ಆರಿಸು ತಾಯೀ ಎಂದು ಬಲಗೈಯಿಂದ ಸನ್ನೆ ಮಾಡಿದರೆ, ‘ಕೈ ಆಡಿಸ್ಬೇಡಿ ಸಾರ್’ ಎಂದರು. ಕೊನೆಗೆ ದೇಹವೇ ನನ್ನ ಅಪ್ಪಣೆಯನ್ನೂ ಕೇಳದೆ ದೊಡ್ಡದಾಗಿ ಉಸಿರೆಳೆದುಕೊಂಡಿತು. ಮೇಡಂ ತಿರುಗಿ ನೋಡಿ, ನಿಜವಾಗಿಯೂ ನೊಂದ ದನಿಯಲ್ಲಿ ಕೇಳಿದರು: ‘ಯಾಕ್ ಸಾರ್ ಉಸಿರಾಡಿದ್ರಿ? ಇಮೇಜ್ ಹೋಯ್ತಲ್ಲ!’

ಉಸಿರಾಡಿದ್ದಕ್ಕೆ ಕಾರಣ ಕೇಳಿದವರನ್ನು ನಾನು ಬದುಕಿನಲ್ಲಿ ಇದೇ ಮೊದಲು ಕಂಡದ್ದು. ಆಮೇಲೆಯೂ ಅಂಗಾತ ಮಲಗಿಸಿ, ಮೊಣಕಾಲು ಮಡಿಸಲು ಹೇಳಿ, ಎದೆಮೂಳೆಯ ಕೆಳಗೆ ಬೆಳಗಿನ ಇಡ್ಲಿಯ ಮೇಲೆಯೇ ಪ್ರೋಬು ಊರಿದಾಗ ‘ಈಗ ಎಳ್ಕೊಂಡು ಹಿಡೀರಿ’ ಎಂದರು; ಬಿಡುವ ಅಪ್ಪಣೆ ಆಗಲೂ ಬರಲಿಲ್ಲ. ಆ ಊರುವಿಕೆಯನ್ನು ಸಹಿಸಿಕೊಂಡು ನಾನು ನೆನೆದದ್ದು ಸ್ವೀಡನ್ನಿನ ಲುಂಡ್ ಪಟ್ಟಣದ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ ಅವರನ್ನು. 1953ರಲ್ಲಿ ಅವರಿಬ್ಬರು ಹೃದಯದ ಪ್ರತಿಧ್ವನಿಯನ್ನು ಮೊದಲು ಹಿಡಿದದ್ದು, ಲೋಹದಲ್ಲಿನ ಬಿರುಕು ಹುಡುಕಲು ಹಡಗುಕಟ್ಟೆಗಳಲ್ಲಿ ಬಳಸುತ್ತಿದ್ದ ಬಗೆಯ ಯಂತ್ರವೊಂದನ್ನು ಎರವಲು ತಂದು. ನನ್ನನ್ನು ಒತ್ತುತ್ತಿದ್ದ ರೀತಿಯಲ್ಲಿ ಹಡಗಿನ ನೆನಪು ಇನ್ನೂ ಉಳಿದಿದೆ.

ಅಷ್ಟರಲ್ಲಿ ಮೇಡಂ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಗುಂಡಿಯನ್ನು ಒತ್ತಿದರು. ಪರದೆಯ ಮೇಲೆ ಕೆಂಪು, ನೀಲಿ ಬಣ್ಣಗಳು ಚಿಮ್ಮಿದವು. ಕೆಂಪೆಂದರೆ ಶುದ್ಧ ರಕ್ತ, ನೀಲಿಯೆಂದರೆ ಅಶುದ್ಧ ರಕ್ತ ಎಂಬ ಹೈಸ್ಕೂಲಿನ ಪಾಠ ಇಲ್ಲಿ ನಡೆಯುವುದಿಲ್ಲ. ಪ್ರೋಬಿನ ಕಡೆ ಬರುವುದು ಕೆಂಪು, ದೂರ ಹೋಗುವುದು ನೀಲಿ. ಜೊತೆಗೆ ಸದ್ದೂ ಬಂತು, ಒಗೆದ ಬಟ್ಟೆಯನ್ನು ಯಾರೋ ಲಯಬದ್ಧವಾಗಿ ಕೊಡವುತ್ತಿರುವ ಹಾಗೆ. ಆ ಸದ್ದನ್ನು ನಾನು ಮೊದಲು ಕೇಳಿದ್ದು ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ, ಮಗಳು ಹುಟ್ಟುವ ಮುನ್ನ, ಇಂಥದೇ ಫಲಕದ ಕೆಳಗೆ ಹೆಂಡತಿಯ ಕೈ ಹಿಡಿದು ನಿಂತಾಗ. ಅದು ಇದರ ಎರಡರಷ್ಟು ವೇಗದಲ್ಲಿ ಓಡುತ್ತಿತ್ತು. ಮಗಳು ಈಗ ಟೊರಾಂಟೊದಲ್ಲಿದ್ದಾಳೆ. ಅವಳ ಹಗಲು ನಮಗೆ ರಾತ್ರಿ. ಯಾರೂ ಗಮನಿಸದಿದ್ದರೂ ಇಷ್ಟು ವರ್ಷ ತನ್ನ ಪಾಡಿಗೆ ಬಾಗಿಲು ತೆರೆದು ಮುಚ್ಚುತ್ತಿದ್ದ ಆ ಪುಟ್ಟ ಕವಾಟವನ್ನು ಇನ್ನೊಂದಿಷ್ಟು ಹೊತ್ತು ನೋಡೋಣ ಎನ್ನುವಷ್ಟರಲ್ಲಿ, ‘ಆಯ್ತು, ಎದ್ದೇಳಿ’ ಎಂದು ಅಂಗೈಯಗಲದ ಟಿಶ್ಯೂ ಒಂದನ್ನು ಕೊಟ್ಟರು. ಅಷ್ಟು ಜೆಲ್ಲಿಗೆ ಒಂದೇ ಟಿಶ್ಯೂ. ಸ್ಟಿಕ್ಕರುಗಳನ್ನು ಎದೆಗೂದಲಿನ ಸಮೇತ ಅವರೇ ಕಿತ್ತುಕೊಟ್ಟರು, ಅದಕ್ಕೆ ಬೇರೆ ಶುಲ್ಕವಿಲ್ಲ. ಹೋಗುವವರು ಹಳೆಯ ಟವೆಲೊಂದನ್ನು ಚೀಲದಲ್ಲಿ ಇಟ್ಟುಕೊಂಡಿರುವುದು ಲೇಸು.

ರಿಪೋರ್ಟಿನಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ ಶೇಕಡಾ 60 ಎಂದಿತ್ತು. ಭಾವ ಅದನ್ನು ಓದಿ, ‘ಡಿಸ್ಟಿಂಕ್ಷನ್ ಬರ್ಲಿಲ್ವಾ?’ ಎಂದು ಮುಖ ಸಣ್ಣದು ಮಾಡಿಕೊಂಡರು. ತುಂಬಿಕೊಂಡ ರಕ್ತವನ್ನು ಯಾವ ಹೃದಯವೂ ಒಂದೇ ಬಡಿತಕ್ಕೆ ಪೂರ್ತಿ ಹೊರಹಾಕುವುದಿಲ್ಲ, 55ರಿಂದ 70ರ ನಡುವೆ ಇದ್ದರೆ ಸೊಗಸಾಗಿದೆ ಎಂದು ಅರ್ಥ ಎಂದು ವಿವರಿಸಿದ ಮೇಲೆ ಅವರ ಕಣ್ಣು ‘ಟ್ರಿವಿಯಲ್ ಎಂ.ಆರ್.’ ಎಂಬಲ್ಲಿಗೆ ಹೋಯಿತು. ಕವಾಟದಿಂದ ಚೂರೇ ಚೂರು ಹಿಂಜಿನುಗುವುದು ಆರೋಗ್ಯವಂತರಲ್ಲೂ ಉಂಟೆಂದು ಡಾಕ್ಟರು ಹೇಳಿದ್ದನ್ನು ತಿಳಿಸುವ ಮೊದಲೇ ಅದು ಕುಟುಂಬದ ವಾಟ್ಸಾಪ್ ಗುಂಪು ಸೇರಿ, ಬೆಳ್ಳುಳ್ಳಿ ಕಷಾಯದ ಸಲಹೆಗಳು ಬರತೊಡಗಿದ್ದವು.

ಅರಿವಳಿಕೆ ತಜ್ಞರು ಮಾತ್ರ ರಿಪೋರ್ಟಿನ ಕೊನೆಯ ಸಾಲನ್ನಷ್ಟೇ ನೋಡಿ ‘ಫಿಟ್’ ಎಂದು ಬರೆದರು. ಆಪರೇಷನ್ ಸೋಮವಾರ. ಅಲ್ಲಿ ನನ್ನ ಉಸಿರಾಟವನ್ನು ಯಂತ್ರವೇ ನೋಡಿಕೊಳ್ಳುತ್ತದಂತೆ. ಉಸಿರಾಡಿದ್ದೇಕೆಂದು ಇನ್ನು ಅದನ್ನೇ ಕೇಳಿಕೊಳ್ಳಲಿ.