ಧೈವತ ಬಂತು, ಪಂಚಮ ಹೋಯ್ತು

ಕಾರ್ಡ್ ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ಅದರಲ್ಲಿ ಮೇಜರ್ ಸಿಕ್ಸ್ತ್ ಕಾರ್ಡಿನ ಲೆಕ್ಕ ಕಾಗದದ ಮೇಲೆ ಬಲು ಸಲೀಸು. ಸಿ ಮೇಜರಿನ ಸ, ಗ, ಪ ಮೂರಕ್ಕೆ ಚತುಶ್ರುತಿ ಧೈವತ ಸೇರಿಸಿದರೆ ಸಿ ಸಿಕ್ಸ್ತ್. ಅಂದರೆ ಸಿ, ಇ, ಜಿ, ಎ. ಮೋಹನ ರಾಗದ ರಿಷಭವನ್ನು ಮನೆಯಲ್ಲೇ ಬಿಟ್ಟು ಮಿಕ್ಕ ನಾಲ್ವರನ್ನೂ ಒಟ್ಟಿಗೆ ಕೂಗಿಸಿದಂತೆ. ತಾಪತ್ರಯ ಶುರುವಾಗುವುದು ಗಿಟಾರ್ ತೊಡೆಗೇರಿದ ಮೇಲೆ.

ಎಲ್ಲರೂ ಹೇಳಿಕೊಡುವ ಸುಲಭದ ಹಿಡಿತವೊಂದಿದೆ. ಎ ಮೈನರ್ ಕಾರ್ಡ್ ಹಿಡಿದುಕೊಂಡು ಕಿರುಬೆರಳನ್ನು ಐದನೇ ತಂತಿಯ ಮೂರನೇ ಫ್ರೆಟ್ಟಿಗೆ, ಅಂದರೆ ಗಿಟಾರಿನ ಕತ್ತಿನ ಅಡ್ಡಪಟ್ಟಿಗಳ ಮೂರನೇ ಮನೆಗೆ, ಚಾಚುವುದು. ನನ್ನ ಕಿರುಬೆರಳು ಹುಟ್ಟಿದಾಗಿನಿಂದ ಕಿವಿ ಕೆರೆಯುವುದು ಬಿಟ್ಟು ಬೇರೆ ಕೆಲಸ ಮಾಡಿದ್ದಿಲ್ಲ. ಅದು ಹೊರಟರೆ ಪಕ್ಕದ ಉಂಗುರ ಬೆರಳೂ ಬೆನ್ನಿಗೇ ಹೊರಡುತ್ತದೆ. ಮೂರನೇ ತಂತಿ ಅನಾಥವಾಗಿ ಗೊರ್ರೆನ್ನುತ್ತದೆ. ಇಷ್ಟು ಒದ್ದಾಡಿ ಹಿಡಿದು, ಒಂದೊಂದೇ ತಂತಿ ಮೀಟಿ ನೋಡಿದರೆ ಸಿ, ಇ, ಎ, ಸಿ, ಇ. ಪಂಚಮವೇ ನಾಪತ್ತೆ! ಜಿ ನುಡಿಯಬೇಕಿದ್ದ ತಂತಿಯ ಮೇಲೆಯೇ ಧೈವತ ಬಂದು ಕೂತಿದೆ. ಎ ಸಿಕ್ಸ್ತ್ ಇನ್ನೊಂದು ಬಗೆಯ ಶಿಕ್ಷೆ. ತೋರುಬೆರಳು ಎರಡನೇ ಫ್ರೆಟ್ಟಿನಲ್ಲಿ ನಾಲ್ಕು ತಂತಿಗಳ ಮೇಲೆ ಉದ್ದಕ್ಕೆ ಮಲಗಬೇಕು. ಗೆಣ್ಣಿನ ಮಡಿಕೆಗೆ ಸಿಕ್ಕಿದ ತಂತಿ ಠಣ್ ಅನ್ನುವ ಬದಲು ಟಪ್ ಅನ್ನುತ್ತದೆ.

ಇದನ್ನೆಲ್ಲ ನೋಡುತ್ತಿದ್ದ ಅಕ್ಕನ ಮಗಳು ನಾಲ್ಕು ತಂತಿಯ ಪುಟ್ಟ ಗಿಟಾರಿನಂಥ ತನ್ನ ಯುಕುಲೆಲೆ ತಂದು, ಒಂದು ತಂತಿಯನ್ನೂ ಒತ್ತದೆ ಸುಮ್ಮನೆ ಬಾರಿಸಿ, "ಮಾಮಾ, ನಿಂದು ಇದೇ ತಾನೆ?" ಅಂದಳು. ಇದೇ. ಜಿ, ಸಿ, ಇ, ಎ: ಆ ವಾದ್ಯದ ಶ್ರುತಿಯೇ ಸಿ ಸಿಕ್ಸ್ತ್. ಅವಳ ಎಡಗೈ ಆಗ ಜಡೆ ಸರಿಮಾಡಿಕೊಳ್ಳುತ್ತಿತ್ತು.

ಸ್ವಿಂಗ್ ಎಂಬ ಕುಣಿತದ ಜಾಝ್ ಸಂಗೀತದ ಕಾಲದ ಅನೇಕ ಹಾಡುಗಳು ಈ ಕಾರ್ಡಿನಲ್ಲೇ ಮುಗಿಯುತ್ತವೆ. ಹಾಡು ಷಡ್ಜದ ಮೇಲೆ ನಿಂತಾಗ ಧೈವತದ ಬದಲು ನಿಷಾದ ಸೇರಿಸುವ ಮೇಜರ್ ಸೆವೆಂತ್ ಕಾರ್ಡಿನಲ್ಲಾದರೆ ಆ ನಿಷಾದ ಅರ್ಧ ಸ್ವರದಷ್ಟು ಹತ್ತಿರ ಬಂದು ಕೆಣಕುತ್ತದೆ. ಧೈವತ ಪಾಪ, ಮರ್ಯಾದೆಯಿಂದ ದೂರ ನಿಲ್ಲುತ್ತದೆ. ಅದಕ್ಕೇ ಗೆಳೆಯರ ಕೂಟದಲ್ಲಿ ಒಂದು ಲವಲವಿಕೆಯ ಹಾಡನ್ನು ಇದರಲ್ಲೇ ಮುಗಿಸೋಣವೆಂದು ಹಟ ಹಿಡಿದೆ. ಕೊನೆಯ ಹೊಡೆತಕ್ಕೆ ನಾನು ಸಿ ಸಿಕ್ಸ್ತ್ ಬಾರಿಸಿದೆ, ಬೇಸ್ ಗಿಟಾರಿನವನು ಎ ಮೀಟಿದ. ಸಿ ಸಿಕ್ಸ್ತಿನ ನಾಲ್ಕು ಸ್ವರಗಳಿಗೆ ತಳದಲ್ಲಿ ಎ ಕೊಟ್ಟರೆ ಅದೇ ಎ ಮೈನರ್ ಸೆವೆಂತ್. ಜಿ ಕಳೆದುಕೊಂಡ ನನ್ನ ಹಿಡಿತದಲ್ಲಂತೂ ಅಪ್ಪಟ ಎ ಮೈನರ್, ಅಳುಮೋರೆಯ ಕಾರ್ಡ್. ಕುಣಿಯುತ್ತಿದ್ದವರೆಲ್ಲ ಹಾಡಿನ ನಾಯಕ ಕೊನೆಯ ಸಾಲಿನಲ್ಲಿ ತೀರಿಕೊಂಡನೇನೋ ಎಂಬಂತೆ ಮುಖ ಮಾಡಿ ನಿಂತರು.

"ಎ ಯಾಕೋ ಹೊಡೆದೆ ಮಾರಾಯ?"

"ಆ ಕಾರ್ಡಿಗೆ ಎ ಸೇರಿದ್ರೇನೇ ಸೊಗಸು ಅಂತ ವಾರದಿಂದ ತಲೆ ತಿಂದಿದ್ದು ಯಾರು?"